ಕರಡಿ ಓಣಿಗೆ ಹಳಸಲು ಕತೆ

ಬಾವಲಿಯ ಚೆಕ್‌ಪೋಸ್ಟಿನ ಹಿಂದೆ ಕಾಡಿಗೆ ಇಳಿಯುವ ದಾರಿ ಮೊದಲು ಬಿದಿರ ಮೆಳೆಗಳ ನಡುವೆ ಹೋಗುತ್ತದೆ. ಅಲ್ಲಿ ಯಾರೂ ಮಾತಾಡುವಂತಿಲ್ಲ. ಅದು ಆನೆಯ ಜಾಗ. ಆನೆಗೆ ನಾವು ಕೇಳಿಸುವ ಮೊದಲು ನಮಗೆ ಆನೆ ಕೇಳಿಸಬೇಕು. ಹಳ್ಳ ದಾಟಿದ ಮೇಲೆ ಓಣಿ ಶುರುವಾಗುತ್ತದೆ. ಎರಡು ಕಡೆಗೂ ಎದೆಯೆತ್ತರದ ಮಣ್ಣಿನ ದಂಡೆ, ಅದರ ಮೇಲೆ ಲಂಟಾನದ ಪೊದೆ, ಅಲ್ಲಲ್ಲಿ ಕೆಂಪು ಹುತ್ತಗಳು. ಅದು ಕರಡಿಯ ಜಾಗ. ಅಲ್ಲಿ ಬಾಯಿ ಮುಚ್ಚುವಂತಿಲ್ಲ.

ಕರಡಿಗೆ ಕಣ್ಣು ಮಂದ. ಹುತ್ತ ತೋಡಿ ಗೆದ್ದಲು ಹೀರುವಾಗ ತನ್ನದೇ ಸದ್ದಿನಲ್ಲಿ ಕಿವಿಯೂ ಮಂದ. ಮನುಷ್ಯರು ಬರುವುದು ದೂರದಿಂದಲೇ ಗೊತ್ತಾದರೆ ತಾನಾಗಿ ಸರಿದು ಹೋಗುತ್ತದೆ. ಮೂಗಿನ ಮುಂದೆ ಬಂದ ಮೇಲೆ ಗೊತ್ತಾದರೆ ಹೆದರುತ್ತದೆ. ಹೆದರಿದ ಕರಡಿ ಮುಖಕ್ಕೇ ಕೈ ಹಾಕುತ್ತದೆ. ಅದಕ್ಕಾಗಿ ಓಣಿಯಲ್ಲಿ ಮುಂದೆ ನಡೆಯುವವರು ಗಟ್ಟಿಯಾಗಿ ಕತೆ ಹೇಳಬೇಕು, ಹಿಂದಿನವರು ಮಾತು ಮಾತಿಗೂ ಹೂಂ ಅನ್ನಬೇಕು.

ಕತೆ ಮಾತ್ರ ಹಳಸಲಾಗಿರಬೇಕು. ಕಾಡಂಚಿನ ಹಾಡಿಯ ಮಕ್ಕಳಿಗೆ ಇದನ್ನು ನಡೆಯಲು ಕಲಿಸುವಾಗಲೇ ಕಲಿಸುತ್ತಾರೆ. ಹೊಸ ಕತೆ ಏನಿದ್ದರೂ ಮನೆಯಲ್ಲಿ, ಒಲೆಯ ಮುಂದೆ. ಓಣಿಯಲ್ಲಿ ಕೇಳುವವರ ಮನಸ್ಸು ಪೊದೆಯ ಮೇಲಿರಬೇಕು, ಬಾಯಿ ತನ್ನಷ್ಟಕ್ಕೆ ಹೂಂಗುಟ್ಟುತ್ತಿರಬೇಕು. ಅದಕ್ಕೆಂದೇ ಇಟ್ಟುಕೊಂಡದ್ದು ಗಡಿಗೆ ಮುದುಕಿಯ ಕತೆ. ಮುದುಕಿ ಏಳು ಗಡಿಗೆ ಹೊತ್ತು ಸಂತೆಗೆ ಹೊರಡುತ್ತಾಳೆ. ಕಲ್ಲು ಎಡವುತ್ತಾಳೆ, ಗಡಿಗೆ ಒಡೆಯುತ್ತದೆ, ಅಳುತ್ತಾಳೆ, ಏಳುತ್ತಾಳೆ, ನಡೆಯುತ್ತಾಳೆ. ಏಳೂ ಒಡೆದರೆ ಮನೆಗೆ ಬಂದು ಮತ್ತೆ ಏಳು ಗಡಿಗೆ ಹೊತ್ತು ಹೊರಡುತ್ತಾಳೆ. ಅದರಲ್ಲಿ ನಗುವಂಥದ್ದಿಲ್ಲ, ಅಳುವಂಥದ್ದೂ ಇಲ್ಲ. ಓಣಿ ಎಷ್ಟು ಉದ್ದವಾದರೂ ಸಾಲುತ್ತದೆ.

ಈ ಕತೆಯನ್ನು ಜಯನ್ ಹೇಳುತ್ತಿದ್ದ. ಗುಡ್ಡ ಹತ್ತಲು ಬಂದವರನ್ನು ಕರೆದುಕೊಂಡು ಅವನು ಮುಂದೆ, ಅವರ ಬುತ್ತಿ ಹೊತ್ತು ಹೆಂಡತಿ ಗೀತು ಹಿಂದೆ. ಗೀತುವಿನ ಪಾಲಿಗೆ ಬಂದದ್ದು ಹೂಂ ಅನ್ನುವ ಕೆಲಸ. ಕಾಡಿನ ಯಾವ ಪ್ರಾಣಿಯೂ ಜಯನ್‌ನನ್ನು ಮುಟ್ಟಲಿಲ್ಲ. ಹೋದ ಮಳೆಗಾಲದಲ್ಲಿ ಗದ್ದೆಯ ನೀರಿನಲ್ಲಿ ನಿಂತು ನಾಟಿ ಮಾಡಿದ, ಇಲಿಜ್ವರ ಬಂತು, ಹೋದ. ಕಣ್ಣಿಗೆ ಕಾಣದ ಒಂದು ಹುಳ. ಅದಕ್ಕೆ ಕತೆ ಹೇಳಿ ದಾರಿ ಬಿಡಿಸುವುದು ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಗೀತು ಅಳಲಿಲ್ಲ. ಅಕ್ಕಿ ಮುಗಿದಿದೆ, ಮೋಡ ಬಂದಿದೆ, ಇಷ್ಟು ಮಾತು ಅವಳಿಗೆ ಸಾಕಾಯಿತು. ಎಲ್ಲವೂ ಒದ್ದೆ ಬಟ್ಟೆಯ ಆಚೆಯಿಂದ ಕಾಣುವಂತೆ ಕಾಣುತ್ತಿತ್ತು. ಅನ್ನಕ್ಕೆ ಉಪ್ಪಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಬೇಕು ಅನ್ನಿಸಿದ್ದು ಒಂದೇ. ಜಯನ್‌ನ ಸೋದರಮಾವ ಮಾದನ್ ಅವನ ಜಾಗದಲ್ಲಿ ಮುಂದೆ ನಡೆಯುತ್ತಿದ್ದ, ಈಗ ಅವನ ಮಂಡಿ ಕೈಕೊಟ್ಟಿತ್ತು. ಬೇರೆ ಒಬ್ಬರನ್ನು ನೀನೇ ನೋಡಿ ಹೇಳು ಎಂದು ಗುಡ್ಡದ ನಡಿಗೆ ನಡೆಸುವ ಕಾಡಿನ ಸಮಿತಿಯವರು ಅವನಿಗೇ ಬಿಟ್ಟಿದ್ದರು. ಗೀತು ಒಂದು ಸಂಜೆ ಅವನ ಬೇಲಿಯ ಹತ್ತಿರ ಹೋಗಿ ನಿಂತಳು. “ನಾನು ಮುಂದೆ ನಡೀತೀನಿ ಮಾವಾ,” ಅಂದಳು. ಆ ತಿಂಗಳಲ್ಲಿ ಅವಳಾಡಿದ ಅತಿ ಉದ್ದದ ಮಾತು ಅದು.

ಮಾದನ್ ಬೇಲಿ ಹಿಡಿದು ಮಂಡಿ ನೀವಿಕೊಂಡ. “ನಡಿಯೋದು ಎಲ್ಲಾರ್ಗೂ ಬತ್ತದೆ ಮಗಾ. ಮಾತಾಡದೋರು ಓಣೀಲಿ ಮುಂದೆ ಇದ್ರೆ ಹಿಂದಿನೋರ ಗತಿ ಏನು? ಒಂದ್ಸಲ ಹೇಳಿ ತೋರ್ಸು. ನೋಡುವಾ.”

ಇವಳಿಂದ ಆಗದಿದ್ದರೆ ಆ ಕೆಲಸಕ್ಕೆ ಮೀನಂಗಡಿ ಊರಿನ ಸುಧೀಷ್ ಕಾದಿದ್ದ. ಆಗ ಗೀತುವಿಗೆ ಉಳಿಯುವುದು ಅಣ್ಣನ ಮನೆ, ಅಲ್ಲಿಂದ ಯಾವುದೋ ಕಾಫಿ ತೋಟದ ಲೈನುಮನೆ. ಈ ದಾರಿ ಮತ್ತೆ ಸಿಗುವುದಿಲ್ಲ.

ಕತೆ ಹೇಳಿ ತೋರಿಸಬೇಕಾಗಿದ್ದ ದಿನ ಬೆಳಗ್ಗೆ ಅತ್ತೆ ಮಾತಿ ಲೋಟದ ತುಂಬ ಹಾಲಿಲ್ಲದ ಕಟ್ಟನ್ ಚಾಯ ಕೊಟ್ಟಳು. ರಾತ್ರಿ ಮಳೆ ಬಿದ್ದು ಅಂಗಳದ ಮಣ್ಣು ಮೆತ್ತಗಾಗಿತ್ತು. ರೆಕ್ಕೆ ಕಳಚಿದ ಈಸಲು ಹುಳ ಬಾಗಿಲ ತುಂಬ ಬಿದ್ದಿದ್ದವು.

“ಗಂಟಲು ಬಿಸಿ ಮಾಡ್ಕೊ,” ಅಂದಳು ಮಾತಿ. “ನಮ್ಮಣ್ಣಂಗೆ ನೆಂಟಸ್ತಿಕೆ ಏನಿದ್ರೂ ಓಣಿ ಹೊರ್ಗೆ. ನೀನು ಬಾಯಿ ಬಿಡದಿದ್ರೆ ಆ ಸುಧೀಷ ಬತ್ತಾನೆ ಪೀಪಿ ಕಟ್ಕೊಂಡು. ಅವನ ಪೀಪಿ ಕೇಳಿದ್ರೆ ಕರಡಿ ಪೊಲೀಸ್ ಬಂದ ಅಂತ ಸಲ್ಯೂಟ್ ಹೊಡೀತದೆ.”

ಇದು ನಗುವ ಜಾಗ ಎಂದು ಗೀತುವಿನ ತುಟಿಗೆ ಗೊತ್ತಾಯಿತು. ಅವು ಸ್ವಲ್ಪ ಅಗಲವಾದವು.

ಅಂದು ಗುಡ್ಡಕ್ಕೆ ಬಂದವರು ಮೈಸೂರಿನ ಗಂಡ ಹೆಂಡತಿ, ಬಸವೇಶ್ ಮತ್ತು ಲತಾಮಣಿ. ಬಸವೇಶ್‌ಗೆ ಬ್ಯಾಂಕಿನಲ್ಲಿ ಕೆಲಸ, ಹೊಟ್ಟೆ ಸ್ವಲ್ಪ ಮುಂದೆ. ಮಾದನ್ ಅವರ ಬ್ಯಾಗುಗಳ ಹತ್ತಿರ ಬಗ್ಗಿ ಮೂಸಿ, ಲತಾಮಣಿಯ ಬ್ಯಾಗಿನಿಂದ ಹಲಸಿನ ತೊಳೆಯ ಡಬ್ಬಿ ತೆಗೆಸಿ ಶೆಡ್ಡಿನಲ್ಲಿ ಇಡಿಸಿದ.

“ಓಣೀಲಿ ಹಲಸಿನ ವಾಸ್ನೆ ಅಂದ್ರೆ ಮದ್ವೆ ಕರೆಯೋಲೆ ಕೊಟ್ಟಂಗೆ, ಅಮ್ಮ. ಕರಡಿ ಕಂಡ್ರೆ ಓಡಬಾರ್ದು ಸಾರ್. ನಿಮಗಿಂತ ಜೋರಾಗಿ ಓಡೋಕೆ ಅದಕ್ಕೆ ಬತ್ತದೆ. ಮರ ಹತ್ತಬಾರ್ದು, ಅದಕ್ಕೂ ಬತ್ತದೆ.”

“ಮತ್ತೆ ನಮಗೆ ಮಾತ್ರ ಬರೋದು ಅಂತ ಏನಾದ್ರೂ ಇದೆಯಾ ಯಜಮಾನ್ರೇ?” ಅಂದ ಬಸವೇಶ್.

“ಮಾತು ಸಾರ್. ಅದೊಂದು ಅದಕ್ಕೆ ಬರಾಕಿಲ್ಲ.” ಮಾದನ್ ನಗಲಿಲ್ಲ. “ಕಂಡ್ರೆ ಎಲ್ಲಾರೂ ಒಂದೇ ಗುಂಪಾಗಿ ನಿಲ್ಬೇಕು. ಮುಖ ಅದರ ಕಡೆ, ಹೆಜ್ಜೆ ಹಿಂದಕ್ಕೆ, ಮೆಲ್ಲಗೆ. ಮೇಲೆ ಬಿದ್ರೆ ಮಾತ್ರ ಬೋರಲು ಮಲ್ಗಿ ಕತ್ತಿನ ಹಿಂದೆ ಕೈ ಕಟ್ಕೊಳ್ಳಿ. ಬ್ಯಾಗು ಬೆನ್ನ ಮೇಲೇ ಇರ್ಲಿ. ಓಣೀಲಿ ಈ ಮಗ ಕತೆ ಹೇಳ್ತದೆ. ನೀವು ಹೂಂ ಅನ್ನಿ, ಅಷ್ಟೇ.”

“ಅದರಲ್ಲಿ ನನಗೆ ಅಭ್ಯಾಸ ಇದೆ,” ಅಂದ ಬಸವೇಶ್, ಹೆಂಡತಿಯ ಕಡೆ ನೋಡಿ.

ಬಿದಿರಿನ ನಡುವೆ ನಾಲ್ವರೂ ಮಾತಿಲ್ಲದೆ ನಡೆದರು. ಮಂಜು ಇನ್ನೂ ಕರಗಿರಲಿಲ್ಲ. ಬಿದಿರ ಗಳಗಳು ಬುಡವಿಲ್ಲದೆ ತೇಲುತ್ತಿದ್ದಂತೆ ಇದ್ದವು. ಗೀತುವಿಗೆ ಈ ಭಾಗ ಹಿತವಾಗಿತ್ತು. ಇಲ್ಲಿ ಅವಳ ಮೌನವೇ ಸರಿಯಾದದ್ದು, ಯಾರೂ ಅದನ್ನು ಮುರಿ ಎನ್ನುವುದಿಲ್ಲ. ಇಡೀ ಕಾಡು ಆನೆಯದ್ದೇ ಆಗಿದ್ದರೆ ಸಾಕಿತ್ತು ಅನ್ನಿಸಿತು. ಹಳ್ಳದ ನೀರು ಹಿಮ್ಮಡಿಗೆ ತಣ್ಣಗೆ ತಾಗಿದಾಗ ಅವಳು ಒಂದು ಸಲ ಹಿಂದೆ ನೋಡಿದಳು. ಲತಾಮಣಿ, ಬಸವೇಶ್, ಕೊನೆಯಲ್ಲಿ ಮಾದನ್. ಮಾದನ್ ಗದ್ದ ಎತ್ತಿ ಸನ್ನೆ ಮಾಡಿದ.

“ಒಂದೂರಲ್ಲಿ ಒಬ್ಳು ಮುದುಕಿ,” ಅಂದಳು ಗೀತು.

“ಹೂಂ.”

“ಏಳು ಗಡಿಗೆ ಹೊತ್ಕಂಡ್ಳು.”

“ಹೂಂ.” ಬಸವೇಶ್‌ನದು ಹೊಟ್ಟೆಯಿಂದ ಬರುವ ಹೂಂ, ಲತಾಮಣಿಯದು ಮೂಗಿನಿಂದ.

“ಜೋರಾಗಿ ಮಗಾ,” ಹಿಂದಿನಿಂದ ಮಾದನ್ ಕೂಗಿದ. “ಮುದುಕಿಗೆ ಅನ್ನ ಹಾಕಿಲ್ವ?”

ಗೀತು ದನಿ ಎತ್ತಿದಳು. ಕಲ್ಲು ಎಡವಿದಳು, ಹೂಂ. ಗಡಿಗೆ ಒಡೀತು, ಹೂಂ. ಒಂದು ಗಡಿಗೆ ಹೋಯಿತು, ಎರಡನೆಯದೂ ಹೋಯಿತು. ಆದರೆ ಪ್ರತಿ ಮಾತೂ ಅವಳ ಬಾಯಿಂದ ಹೊರಬೀಳುವ ಮೊದಲು ಜಯನ್‌ನ ದನಿಯಲ್ಲಿ ಕಿವಿಗೆ ಬೀಳುತ್ತಿತ್ತು. ಅವನು ‘ಎದ್ದಳು’ ಅನ್ನುವಾಗ ಸ್ವಲ್ಪ ಎಳೆಯುತ್ತಿದ್ದ. ಅವಳ ಬಾಯಿ ಹೂಂ ಅನ್ನಲು ಹೊರಟಿತು. ಮೂರನೆಯ ಗಡಿಗೆಯ ಹತ್ತಿರ ಕತೆ ಹೇಳುತ್ತಿರುವುದು ತಾನು ಎಂಬುದೇ ಮರೆತುಹೋಯಿತು. ಹೇಳುವವರು ಮುಂದೆ ಹೇಳಲಿ ಎಂದು ಕಾದಳು. ಯಾರೂ ಹೇಳಲಿಲ್ಲ.

ಹಿಂದೆ ಮಾದನ್ ಕೆಮ್ಮಿದ. ಓಣಿಯಲ್ಲಿ ಕೆಮ್ಮೆಂದರೆ ಬೈಗುಳ.

ಏನಾದರೂ ಹೇಳಬೇಕಿತ್ತು. ಬಾಯಿಗೆ ಏನು ಬಂತೋ ಅದನ್ನು ಹೇಳಿದಳು.

“ಒಬ್ಬ ಇದ್ದ.”

“ಹೂಂ.”

“ಅವ್ನು ಯಾವಾಗ್ಲೂ ಮುಂದೆ. ಹೆಂಡ್ತಿ ಹಿಂದೆ.”

“ಹೂಂ.”

“ತಿರುವು ಬಂದ್ರೆ, ನೀನು ನಿಲ್ಲು, ನೋಡ್ಕಂಡು ಬತ್ತೀನಿ ಅನ್ನೋನು. ಹೋಗಿ ನೋಡ್ಕಂಡು ಬರೋನು.”

“ಹೂಂ.”

“ಒಂದಿನ ಒಂದು ತಿರುವಿನಾಚೆ ಹೋದ. ಬರ್ನಿಲ್ಲ.”

ಹೂಂ ಸ್ವಲ್ಪ ತಡವಾಗಿ ಬಂತು. ಒಬ್ಬರದು ಬರಲೇ ಇಲ್ಲ. ಅದು ಗೀತುವಿಗೆ ತಿಳಿಯಲಿಲ್ಲ. ಎಷ್ಟೋ ದಿನದಿಂದ ಕಟ್ಟಿ ನಿಂತ ನೀರಿಗೆ ಎಲ್ಲೋ ಸಣ್ಣ ಬಿಲ ಸಿಕ್ಕಿತ್ತು. ಕಾಲು ನಡೆಯುತ್ತಿತ್ತು, ಮಂಜು ಮುಖಕ್ಕೆ ತಾಗುತ್ತಿತ್ತು, ಕತೆ ತಾನೇ ಬರುತ್ತಿತ್ತು.

ಹೆಂಡತಿ ಕಾದಳು, ಆಮೇಲೆ ಹುಡುಕಿ ಹೊರಟಳು. ಗಂಡ ತಾನು ಹೋದ ದಾರಿಯ ಗುರುತಿಗೆ ಅಲ್ಲಲ್ಲಿ ಒಂದೊಂದು ಸಣ್ಣ ರೆಂಬೆ ಬಗ್ಗಿಸಿ ಹೋಗಿದ್ದ. ಮೊದಲನೆಯ ರೆಂಬೆ ಹಸಿ, ಮುರಿದಲ್ಲಿ ಇನ್ನೂ ಹಾಲು ಒಸರುತ್ತಿತ್ತು. ಇಲ್ಲೇ ಇದ್ದಾನೆ ಅಂದುಕೊಂಡಳು. ಎರಡನೆಯದರ ಎಲೆ ಬಾಡಿತ್ತು. ಮೂರನೆಯದು ಒಣಗಿತ್ತು. ಬೆಳಗ್ಗೆಯಷ್ಟೇ ಹೊರಟವನು, ಇದೇನಿದು ಎಂದು ಬೇಗ ಬೇಗ ನಡೆದಳು. ಮುಂದಿನ ರೆಂಬೆ ಬಗ್ಗಿ ನೆಲ ಮುಟ್ಟಿದಲ್ಲಿ ಬೇರು ಬಿಟ್ಟು ಚಿಗುರಿತ್ತು. ಅದರ ಮುಂದಿನದು ಅವಳ ಎತ್ತರದ ಗಿಡ. ಅದರ ಮುಂದಿನದು ಮರ. ಬುಡ ಅಪ್ಪಿದರೆ ಕೈಗೆ ಕೈ ಸಿಗದು. ಕೊಂಬೆಯಲ್ಲಿ ಹೆಜ್ಜೇನು ಜೋತಾಡುತ್ತಿತ್ತು. ಆದರೆ ಕಾಂಡದಲ್ಲಿ ಅವನ ಕೈಯೆತ್ತರಕ್ಕೆ ಸರಿಯಾಗಿ ಅವನು ಬಗ್ಗಿಸಿದ ಆ ಸಣ್ಣ ಸೊಟ್ಟ ಇನ್ನೂ ಇತ್ತು. ಅವಳು ಅದರ ಮೇಲೆ ಕೈಯಿಟ್ಟಳು. ಆಗ ಮರದಾಚೆಯಿಂದ ಅವನ ದನಿ ಕೇಳಿಸಿತು.

“ಅವ್ನು ಯಾರಿಗೋ ಕತೆ ಹೇಳ್ತಿದ್ದ,” ಅಂದಳು ಗೀತು. “ಯಾರೋ ಹೂಂ ಅಂತಿದ್ರು. ನನ್ನ ಬಿಟ್ಟು ಅವನಿಗೆ ಹೂಂ ಅನ್ನೋರು ಯಾರು ಅಂತ ಅವಳು ಮೆಲ್ಲಗೆ ಬಗ್ಗಿ ನೋಡಿದ್ಳು.”

ಕಾಡು ಸದ್ದಿಲ್ಲದೆ ಇತ್ತು.

ಅವಳ ಹಿಂದೆ ಯಾರೂ ಹೂಂ ಅನ್ನಲಿಲ್ಲ. ಎಷ್ಟು ಹೊತ್ತಿನಿಂದ ಅನ್ನುತ್ತಿಲ್ಲ ಎಂದು ಅವಳಿಗೆ ನೆನಪಾಗಲಿಲ್ಲ. ಅವಳ ಸ್ವರವೂ ಇಳಿದು ಇಳಿದು ಒಲೆಯ ಮುಂದೆ ಆಡುವ ಸ್ವರವಾಗಿತ್ತು. ಹಿಂದೆ ಮೂವರೂ ಉಸಿರು ಬಿಗಿಹಿಡಿದು, ಹೆಜ್ಜೆ ಸದ್ದು ಕೂಡ ಕತೆಗೆ ಅಡ್ಡ ಬರಬಾರದೆಂಬಂತೆ ನಡೆಯುತ್ತಿದ್ದರು. ಓಣಿಯಲ್ಲಿ ತಲೆ ನರೆಸಿಕೊಂಡ ಮಾದನ್ ಕೂಡ.

ಆಗ ಕೇಳಿಸಿತು. ತಿರುವಿನಲ್ಲೇ, ಒಂದು ಬಿದಿರ ಗಳದ ದೂರದಲ್ಲಿ, ಬಿಸಿ ಚಾಯ ಸೊರ್ರೆಂದು ಹೀರಿದ ಹಾಗೆ ಒಂದು ಸದ್ದು. ಹುತ್ತದ ಕೆಂಪು ಹಸಿ ಮಣ್ಣು ಸಿಡಿದು ಹಾರುತ್ತಿತ್ತು. ಸಿಡಿದ ಮಣ್ಣಿನ ನಡುವೆ ಕೆದರಿದ ಕಪ್ಪು ಕೂದಲಿನ ಬೆನ್ನು. ಬೆನ್ನಿನ ಮೇಲೆ ಇನ್ನೊಂದು ಸಣ್ಣ ಕಪ್ಪು ಉಂಡೆ. ಅದರ ಕಣ್ಣು ಗೀತುವಿನ ಕಡೆಗಿತ್ತು.

ಗೀತು ನಿಂತಳು. ಹೀರುವ ಸದ್ದೂ ನಿಂತಿತು. ತಾಯಿ ಕರಡಿ ತಲೆಯೆತ್ತಿ, ಹಿಂಗಾಲ ಮೇಲೆ ನಿಧಾನವಾಗಿ ಎದ್ದು ನಿಂತಿತು. ಎದೆಯ ಮೇಲೆ ಬಿಳಿ ಗೆರೆ, ಗೆದ್ದಲು ಮೆತ್ತಿದ ಉದ್ದ ಮೂತಿ, ಒದ್ದೆ ಮೂಗು ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಮರಿ ಬೆನ್ನಿನ ಕೂದಲು ಕಚ್ಚಿ ಜೋತುಬಿದ್ದಿತು.

ಗೀತುವಿಗೆ ಹೆದರಿಕೆ ಆಗಲಿಲ್ಲ. ಅದೇ ತಪ್ಪು ಎಂದು ಅವಳಿಗೆ ಎಲ್ಲೋ ದೂರದಲ್ಲಿ ಗೊತ್ತಾಯಿತು. ಕನಸಿನಲ್ಲಿ ಹೊಳೆಯ ನೀರು ಏರುವುದನ್ನು ನೋಡುವವಳಂತೆ ನೋಡಿದಳು. ಆ ಮಂಜಿನಲ್ಲಿ, ಆ ತಿರುವಿನಲ್ಲಿ ಹೀಗೇ ನಿಂತಿದ್ದರೆ ಸಾಕು, ಮುಂದಿನದು ತಾನಾಗಿ ಆಗುತ್ತದೆ ಅನ್ನಿಸಿತು.

ಅಷ್ಟರಲ್ಲಿ ಅವಳ ಬುತ್ತಿ ಚೀಲದ ಪಟ್ಟಿಯನ್ನು ಯಾರೋ ಹಿಡಿದರು. ಲತಾಮಣಿ. ಆ ಕೈ ನಡುಗುತ್ತಿತ್ತು. ನಡುಕ ಪಟ್ಟಿಯಿಂದ ಚೀಲಕ್ಕೆ, ಚೀಲದಿಂದ ಬೆನ್ನಿಗೆ, ಬೆನ್ನಿನಿಂದ ಹಲ್ಲಿನವರೆಗೆ ಬಂತು. ಗೀತುವಿನ ಹಲ್ಲು ಕಟಕಟಿಸಿತು. ಹಿಂದೆ ಮೂರು ಜೀವ ಇದೆ.

ಮಾತಾಡಬೇಕು. ಮೆಲ್ಲಗೆ, ಬಿಡದೆ, ಎಲ್ಲರೂ. ಆದರೆ ಮರದಾಚೆ ಯಾರಿದ್ದರು ಎಂದು ಹೇಳಿದರೆ ಇವರು ಮತ್ತೆ ಕೇಳುತ್ತಾ ನಿಂತುಬಿಡುತ್ತಾರೆ. ಅವಳು ಹಿಂದೆ ತಿರುಗದೆ, ಕರಡಿಯ ಕಡೆಯೇ ಮುಖ ಮಾಡಿ ಹೇಳಿದಳು:

“ಮರದಾಚೆ ಇದ್ದೋನ ತಲೆ ಮೇಲೆ ಏಳು ಗಡಿಗೆ ಇತ್ತು.”

ಯಾರೂ ಅಲುಗಲಿಲ್ಲ.

“ಏಳು ಗಡಿಗೆ. ಹೂಂ ಅನ್ನಿ.”

“ಹೂಂ,” ಅಂದ ಮಾದನ್, ಕೊನೆಯಿಂದ.

“ಗಡಿಗೆ ಹೊತ್ಕಂಡು ಹಿಂದಕ್ಕೆ ಹೊಂಟ.”

“ಹೂಂ.” ಈಗ ಲತಾಮಣಿಯದೂ ಸೇರಿತು. ನಾಲ್ವರೂ ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು.

“ಕಲ್ಲು ಎಡವಿದ.”

“ಹೂಂ.” ಇನ್ನೊಂದು ಹೆಜ್ಜೆ.

“ಗಡಿಗೆ ಒಡೀತು.”

ಕರಡಿ ಧಪ್ಪೆಂದು ಮುಂಗಾಲು ನೆಲಕ್ಕಿಟ್ಟಿತು. ಗಂಟಲಲ್ಲಿ ಹುಫ್ ಎಂದು ಗಾಳಿ ಬಿಟ್ಟು ಅವರ ಕಡೆಗೆ ಎರಡು ನೆಗೆತ ನೆಗೆದು ನಿಂತಿತು. ಬಸವೇಶ್‌ನ ಬೂಟು ಹಿಂದೆ ತಿರುಗಿದ ಸದ್ದು ಗೀತುವಿಗೆ ಕೇಳಿಸಿತು.

“ಓಡಬ್ಯಾಡಿ ಸಾರ್. ಗಡಿಗೆ ಒಡೀತು.”

“ಹೂಂ,” ಅಂದ ಬಸವೇಶ್. ಈ ಸಲ ಅದು ಹೊಟ್ಟೆಯಿಂದ ಬರಲಿಲ್ಲ, ಸಣ್ಣ ಮಗುವಿನದರಂತೆ ಬಂತು.

“ಅತ್ತ,” ಅಂದಳು ಗೀತು.

ಜಯನ್ ಅತ್ತದ್ದನ್ನು ಅವಳು ನೋಡಿರಲಿಲ್ಲ. ಆಸ್ಪತ್ರೆಯಲ್ಲೂ ಅವನು ಅತ್ತಿರಲಿಲ್ಲ. ಈಗ ಅವನನ್ನು ತಾನೇ ಒಡೆದ ಗಡಿಗೆಯ ಮುಂದೆ ಕೂರಿಸಿ ಅಳಿಸಿಬಿಟ್ಟಳು. ಕಣ್ಣಿನಿಂದ ಬಿಸಿಯಾಗಿ ಇಳಿಯಿತು, ಉಪ್ಪು ಉಪ್ಪಾಗಿ ಬಾಯಿಗೆ ಬಂತು. ಅದರ ನಡುವೆಯೇ ಹೇಳಿದಳು.

“ಎದ್ದ.”

“ಹೂಂ.”

“ನಡೆದ.”

“ಹೂಂ,” ಅಂದರು ಮೂವರೂ ಒಟ್ಟಿಗೆ.

ಕರಡಿ ತಲೆಯನ್ನು ಒಂದು ಬದಿಗೆ ಹಾಕಿತು. ಇಷ್ಟು ಬೇಸರದ ಸದ್ದಿನಲ್ಲಿ ತನಗೆ ಕೆಲಸವಿಲ್ಲ ಅನ್ನುವ ಹಾಗೆ ತಿರುಗಿ, ಬೆನ್ನ ಮೇಲಿನ ಮರಿಯೊಡನೆ ದಂಡೆ ಹತ್ತಿತು. ಲಂಟಾನದ ಪೊದೆ ಅಲುಗುತ್ತಾ ಅಲುಗುತ್ತಾ ದೂರ ಹೋಯಿತು. ಅದು ಪೂರಾ ನಿಲ್ಲುವವರೆಗೆ ಇನ್ನೆರಡು ಗಡಿಗೆ ಒಡೆದವು.

ಅವರು ಓಣಿ ಸ್ವಲ್ಪ ಅಗಲವಾದ ಕಡೆಗೆ ಹಿಂದೆ ಸರಿದು ನಿಂತರು. ಬಸವೇಶ್ ಬಗ್ಗಿ ಮಂಡಿ ಹಿಡಿದುಕೊಂಡ.

“ಹೂಂ ಅನ್ನೋದು ಮರೆತೇಹೋಯ್ತಲ್ಲ ಮಾರಾಯ್ತಿ,” ಅಂದ. “ಅದೊಂದೇ ಕೆಲಸ ಕೊಟ್ಟಿದ್ರು ನಮಗೆ.”

“ನೀವು ಮರೆತಿದ್ದು ಬಿಡಿ ಸಾರ್,” ಅಂದ ಮಾದನ್. ಅವನ ಮುಖ ಬಿಳಿಚಿತ್ತು. “ನನಗೆ ಏನು ಬಂದಿತ್ತು? ಮೂಗುದಾರ ಹಾಕಿದ ಎತ್ತಿನ ಹಂಗೆ ಅವಳ ಕತೆ ಹಿಂದೆ ಬಂದ್ಬುಟ್ಟೆ.”

ಗೀತು ಸೆರಗಿನಿಂದ ಮುಖ ಒರೆಸಿದಳು. ಒರೆಸಿದಷ್ಟೂ ಒದ್ದೆಯಾಗುತ್ತಿತ್ತು. ಬೆನ್ನಿಗೆ ಚೀಲದ ಭಾರ ಗೊತ್ತಾಯಿತು, ಕಾಲಿಗೆ ತಾಗಿದ ಜಿಗಣೆ ಗೊತ್ತಾಯಿತು. ಕೆಲಸ ಹೋಯಿತು ಎಂಬುದೂ ಗೊತ್ತಾಯಿತು. ಮುಂದೆ ನಡೆಯುವವಳು ಓಣಿಯಲ್ಲಿ ಹೊಸ ಕತೆ ಹೇಳಿದಳು. ಹಾಡಿಯಲ್ಲಿ ಎಳೆಯ ಮಕ್ಕಳೂ ಮಾಡದ ಕೆಲಸ ಅದು.

“ಸುಧೀಷನ್ನ ಕರೀರಿ ಮಾವಾ,” ಅಂದಳು.

ಮಾದನ್ ಬೈಯಲು ಬಾಯಿ ತೆರೆದವನಂತೆ ಕಂಡ. ಆಮೇಲೆ ದನಿ ತಗ್ಗಿಸಿ, ಗುಟ್ಟು ಕೇಳುವವನಂತೆ ಕೇಳಿದ:

“ಅದಿರ್ಲಿ. ಆ ಮರದಾಚೆ ಹೂಂ ಅಂತಿದ್ದೋರು ಯಾರು?”

ಬಸವೇಶ್ ಬೆನ್ನು ನೆಟ್ಟಗೆ ಮಾಡಿದ. ಲತಾಮಣಿ ಪಟ್ಟಿಯನ್ನು ಇನ್ನೂ ಬಿಟ್ಟಿರಲಿಲ್ಲ, ಅವಳೂ ಹತ್ತಿರ ಸರಿದಳು. ಮೂವರೂ ಮತ್ತೆ ಸುಮ್ಮನಾದರು. ಗೀತು ಅವರ ಮುಖಗಳನ್ನು ನೋಡಿದಳು. ಅವರ ಹಿಂದಿನ ದಂಡೆ ನೋಡಿದಳು, ರಾತ್ರಿಯ ಮಳೆಗೆ ಮೆತ್ತಗಾದ ಹುತ್ತಗಳನ್ನು ನೋಡಿದಳು. ಓಣಿ ಇನ್ನೂ ಅರ್ಧ ಉಳಿದಿತ್ತು.

“ಇಲ್ಲಿ ಹೇಳೋ ಹಂಗಿಲ್ಲ ಮಾವಾ,” ಅಂದಳು. “ನೀವು ಹಿಂದಕ್ಕೆ ಹೋಗಿ. ಎಡಗಡೆ ದಂಡೆ ನೋಡ್ಕಳಿ.”

ಮಾದನ್ ತಲೆ ಆಡಿಸಿ, ಕುಂಟುತ್ತಾ ಸಾಲಿನ ಕೊನೆಗೆ ಹೋದ. “ಸುಧೀಷಂಗೆ ಮೀನಂಗಡೀಲೇ ಬೇಕಾದಷ್ಟು ಕೆಲ್ಸ ಐತೆ,” ಎಂದು ಅಲ್ಲಿಂದ ಗೊಣಗಿದ. “ನಡಿ.”

ಆದರೆ ಗೀತುವಿನ ಕಣ್ಣೀರು ಇನ್ನೂ ನಿಂತಿರಲಿಲ್ಲ. ಅಳುವ ದನಿಯಲ್ಲಿ ಗಟ್ಟಿಯಾಗಿ ಕತೆ ಬರುವಂತಿರಲಿಲ್ಲ. “ಅಮ್ಮ,” ಅಂದಳು ಲತಾಮಣಿಗೆ, “ಕೇಳಿ ಕೇಳಿ ನಿಮಗೆ ಸಾಕಾಗಿ ಹೋಗಿರೋ ಕತೆ ಏನಾರ ಇದ್ರೆ ಹೇಳಿ. ಗಟ್ಟಿಯಾಗಿ.”

ಲತಾಮಣಿ ಯೋಚನೆ ಮಾಡಬೇಕಾಗಲಿಲ್ಲ. “ಇವರಿಗೆ ಪ್ರಮೋಷನ್ ತಪ್ಪಿದ ಕತೆ ಇದೆ. ಮದುವೆ ಆದಾಗಿನಿಂದ ದಿನಾ ಕೇಳ್ತಿದೀನಿ.”

“ದಿನಾ ಎಲ್ಲಿ ಹೇಳ್ತೀನಿ?” ಅಂದ ಬಸವೇಶ್.

“ಅದೇ ಹೇಳಿ ಸಾರ್,” ಅಂದಳು ಗೀತು.

ಬಸವೇಶ್ ಗಂಟಲು ಸರಿಮಾಡಿಕೊಂಡ. ನಮ್ಮ ಬ್ರಾಂಚಿಗೆ ಹೊಸ ಮ್ಯಾನೇಜರ್ ಬಂದ ವರ್ಷ, ಎಂದು ಶುರುಮಾಡಿದ. ಹೂಂ, ಅಂದಳು ಲತಾಮಣಿ. ಹೂಂ, ಅಂದ ಮಾದನ್. ಗೀತು ಮುಂದೆ ನಡೆದಳು. ಮಂಜು ತೆಳುವಾಗುತ್ತಿತ್ತು, ಪೊದೆಯ ಒಂದೊಂದು ಎಲೆಯೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ತಿರುವು ಬಂತು. ಅವಳು ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದಳು, ತಾನೊಬ್ಬಳೇ ಮುಂದೆ ಹೋಗಿ ಬಗ್ಗಿ ಆಚೆ ನೋಡಿದಳು, ಬರಿಯ ದಾರಿ ಕಂಡು, ಬನ್ನಿ ಎಂದು ಕರೆದಳು.